ಶೇಖರನ ಕೈಯ ಮೇಲೆ ನಾನು ಕೂರಿಸಿದ ಜೇನು

ಹೋದ ವಾರ ಬಂಟ್ವಾಳ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಬಾಳೆಹಣ್ಣಿನ ಮಂಡಿಯ ಪಕ್ಕ ನಿಂತಿದ್ದೆ. ಒಳಗೆ ಪಚ್ಚಬಾಳೆಯ ಗೊನೆಗಳನ್ನು ಹಣ್ಣಿಗೆ ಇಟ್ಟಿದ್ದರು. ಯಾರೋ ಬಾಗಿಲು ಸರಿಸಿದಾಗ ಹಣ್ಣಿನ ವಾಸನೆ ಭಗ್ಗನೆ ಹೊರಗೆ ಬಂತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, "ಎಂಥ ಪರಿಮಳ!" ಎಂದರು. ನಾನು ಮಾತ್ರ ಹಿಂದೆ ಸರಿದು ಮುಖಕ್ಕೆ ಕೈ ಅಡ್ಡ ಹಿಡಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಜೇನು ಸಾಕಿದವರಿಗೆ ಈ ವಾಸನೆಯ ಇನ್ನೊಂದು ಮುಖ ಗೊತ್ತು. ಜೇನುನೊಣ ಚುಚ್ಚಿದಾಗ ಅದರ ಕೊಂಡಿಯ ಬುಡದಿಂದ ಹೆಚ್ಚುಕಡಿಮೆ ಇದೇ ವಾಸನೆ ಏಳುತ್ತದೆ. ಉಳಿದ ನೊಣಗಳಿಗೆ ಅದು ಕೂಗಿ ಕರೆದ ಹಾಗೆ. ಶತ್ರು ಇಲ್ಲಿದ್ದಾನೆ, ಇಲ್ಲಿಗೇ ಬನ್ನಿ ಎಂದು. ಬಾಳೆಹಣ್ಣು ತಿಂದ ಕೈಯಲ್ಲಿ ಪೆಟ್ಟಿಗೆ ತೆರೆಯಬಾರದು ಎಂದು ನನಗೆ ಕಲಿಸಿದವರು ಮೊದಲ ದಿನವೇ ಹೇಳಿದ್ದರು. ಆ ವಾಸನೆ ಬಹಳ ಕಾಲ ನನಗೆ ಎಚ್ಚರಿಕೆ ಮಾತ್ರ ಆಗಿತ್ತು. ಹೆದರಿಕೆ ಆದದ್ದು ಕಕ್ಕಿಂಜೆಯ ರಬ್ಬರ್ ತೋಟದಲ್ಲಿ ಕಳೆದ ಆ ಒಂದು ಚಿಗುರಿನ ಕಾಲದಿಂದ. ಅಲ್ಲಿ ನಾನು ಮಾಡಿದ್ದು ನನ್ನ ಮನೆಯವರಿಗೆ ಗೊತ್ತು. ನಮ್ಮ ಕಡೆಯ ಜೇನು ಸಾಕುವವರಿಗೆ ಗೊತ್ತಿಲ್ಲ. ಅವರಲ್ಲಿ ಕೆಲವರು ಇಂದಿಗೂ ನನ್ನನ್ನು ಕಂಡು ಸಲಹೆ ಕೇಳುತ್ತಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೂಡಬಿದಿರೆ–ಬೆಳ್ತಂಗಡಿ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾದವನು. ಕಾಲು ಸೋತ ಮೇಲೆ ಕೆಲಸ ಬಿಟ್ಟು ಬೆಳುವಾಯಿಯ ಮನೆಯಲ್ಲಿ ಕುಳಿತೆ, ನಮ್ಮೂರ ಸಾಕು ಜಾತಿಯಾದ ತುಡುವೆ ಜೇನಿನ ಪೆಟ್ಟಿಗೆಗಳನ್ನು ಇಟ್ಟೆ. ಮೊದಮೊದಲು ಕಚ್ಚಿದಾಗ ಕೈ ಊದುತ್ತಿತ್ತು. ವರ್ಷ ಕಳೆದಂತೆ ಊತ ಕಡಿಮೆಯಾಯಿತು, ಆಮೇಲೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದಂತಾಯಿತು. ನೊಣ ಮುತ್ತಿದ ಮೇಣದ ಎರಿಗಳನ್ನು ಬರಿಗೈಯಲ್ಲಿ ಎತ್ತುತ್ತಿದ್ದೆ. ಗಂಟುನೋವಿನವರು ಬಂದರೆ ನೊಣವನ್ನು ರೆಕ್ಕೆಯಲ್ಲಿ ಹಿಡಿದು ಅವರ ಮೊಣಕಾಲಿನ ಮೇಲೆ ಕೂರಿಸುತ್ತಿದ್ದೆ. "ಕಚ್ಚಿಸಿಕೊಂಡಷ್ಟೂ ಮೈ ಪಳಗುತ್ತದೆ" ಎಂಬುದು ನನ್ನ ಮಾತು. ನನ್ನ ಮೈಯೇ ಅದಕ್ಕೆ ಸಾಕ್ಷಿ ಎಂದುಕೊಂಡಿದ್ದೆ.

ಶೇಖರ ನನ್ನ ಹೆಂಡತಿ ಲೀಲಾಳ ತಮ್ಮ. ಹರೆಯವನ್ನೆಲ್ಲ ಕುವೈತಿನ ಹೋಟೆಲ್ ಅಡುಗೆಮನೆಯಲ್ಲಿ ಕಳೆದು ಊರಿಗೆ ಬಂದಿದ್ದ. ಬಂಟ್ವಾಳದ ಹತ್ತಿರ ಮನೆ. ಅವನು ನಕ್ಕರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಬಂದ ವರ್ಷವೇ ನನ್ನ ಜೇನಿಗೆ ಮರುಳಾಗಿ ವಾರಕ್ಕೆ ಮೂರು ದಿನ ಬೆಳುವಾಯಿಗೆ ಬರತೊಡಗಿದ. ಹೊಸ ಪೆಟ್ಟಿಗೆ, ಮುಖದ ಬಲೆ, ಎರಿ ತಿರುಗಿಸಿ ಜೇನುತುಪ್ಪ ತೆಗೆಯುವ ಸ್ಟೀಲಿನ ಯಂತ್ರ ಎಲ್ಲ ತಂದ. ಊರಿನವರು "ಶೇಖರನ ಜೇನು ಹೇಗುಂಟು?" ಎಂದು ನನ್ನನ್ನೇ ಕೇಳುವಂತಾಯಿತು. ನಾನು ನಗುತ್ತಿದ್ದೆ. ಆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಶೇಖರನ ಕುತ್ತಿಗೆಗೆ ಒಂದು ನೊಣ ಕಚ್ಚಿತು. ಅದಕ್ಕೆ ಮೊದಲೂ ಒಂದೆರಡು ಬಾರಿ ಕಚ್ಚಿಸಿಕೊಂಡು ಊದಿಸಿಕೊಂಡಿದ್ದ. ಈ ಸಲ ಹಾಗಲ್ಲ. ಮೊದಲು ಅಂಗೈ ತುರಿಸಿತು. ಕಿವಿ ಕೆಂಪಾಯಿತು. ಎದೆಯ ಮೇಲೆಲ್ಲ ದದ್ದು ಎದ್ದು, ಮಾತು ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡವನ ಹಾಗಾಯಿತು.

"ಡಾಕ್ಟರಿಗೆ ತೋರಿಸುವ. ರಿಕ್ಷಾ ಕರೆಯಿರಿ," ಎಂದಳು ಲೀಲಾ.

"ಜೇನು ಕಚ್ಚಿದ್ದಕ್ಕೆ ಡಾಕ್ಟರಾ? ಊರು ನಗ್ತದೆ ಮಾರಾಯ್ತಿ," ಎಂದೆ. "ಕುವೈತಿನ ಎಸಿಯಲ್ಲಿದ್ದ ಮೈ. ಇನ್ನು ನಾಲ್ಕು ಕಚ್ಚಲಿ, ಸರಿಹೋಗ್ತದೆ."

"ಎಸಿ ಇದ್ದದ್ದು ಗಿರಾಕಿಗಳಿಗೆ ಭಾವ. ನಾನಿದ್ದದ್ದು ಒಲೆಯ ಎದುರು," ಎಂದು ಶೇಖರ ಆ ದಪ್ಪ ನಾಲಿಗೆಯಲ್ಲೇ ನಗಿಸಿದ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಇಳಿಯಿತು. ಗೆದ್ದವನ ಹಾಗೆ ನಾನು ಲೀಲಾಳ ಮುಖ ನೋಡಿದೆ.

ರಬ್ಬರ್ ಮರಗಳು ಚಳಿಗೆ ಎಲೆ ಉದುರಿಸಿ ಬೋಳಾಗಿ, ಚಳಿ ಕಳೆಯುವಾಗ ಒಮ್ಮೆಲೇ ಚಿಗುರುತ್ತವೆ. ತಾಮ್ರದ ಬಣ್ಣದ ಆ ಎಳೆಯ ಎಲೆ ಹಸಿರಿಗೆ ತಿರುಗುವ ಕೆಲವೇ ವಾರ, ಎಲೆಯ ತೊಟ್ಟಿನ ತುದಿಯಲ್ಲಿ ಸಿಹಿ ನೀರು ಒಸರುತ್ತದೆ. ಹೂವಿನಿಂದಲ್ಲ, ಎಲೆಯಿಂದ. ಇದನ್ನು ಮೊದಲು ಕೇಳಿದಾಗ ನಾನು ನಂಬಿರಲಿಲ್ಲ. ಆ ಕೆಲವು ವಾರಗಳಿಗಾಗಿ ಜೇನು ಸಾಕುವವರು ಪೆಟ್ಟಿಗೆಗಳನ್ನು ಹೊತ್ತು ರಬ್ಬರ್ ಇದ್ದಲ್ಲಿಗೆ ಹೋಗುತ್ತೇವೆ. ನಮ್ಮ ಪಾಲಿಗೆ ಸಿಕ್ಕಿದ್ದು ಕಕ್ಕಿಂಜೆಯ ಒಂದು ತೋಟ, ಚಾರ್ಮಾಡಿ ಘಾಟಿಯ ಬುಡ.

ಸಂಜೆ ನೊಣಗಳೆಲ್ಲ ಒಳಗೆ ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲಿಗೆ ಬಟ್ಟೆ ತುರುಕಿ ನಮ್ಮೂರಿನ ಹಮೀದನ ಬಾಡಿಗೆ ಪಿಕಪ್ಪಿಗೆ ಏರಿಸಿದೆವು. ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ನಾನು ಟಿಕೇಟು ಹರಿದ ದಾರಿಯೇ. ಹಿಂದಿನಿಂದ ಪೆಟ್ಟಿಗೆಗಳ ಗುಂಯ್‌ಗುಟ್ಟುವಿಕೆ ಎಂಜಿನ್ನಿಗೂ ಮೀರಿ ಕೇಳುತ್ತಿತ್ತು. ಹಮೀದ್ ತಿರುವಿನಲ್ಲೆಲ್ಲ, "ವಿಠಲಣ್ಣ, ನಿಮ್ಮ ಪ್ಯಾಸೆಂಜರುಗಳು ಭಾರಿ ಗಲಾಟೆ ಮಾಡ್ತಾರೆ. ಒಮ್ಮೆ ರೈಟ್ ಹೇಳಿ!" ಎನ್ನುತ್ತಿದ್ದ. ಶೇಖರನ ನಗು. ತೋಟದ ಶೆಡ್ಡಿನಲ್ಲಿ ಮೂವರೂ ಮಲಗಿದೆವು.

ಬೆಳಿಗ್ಗೆ ಎದ್ದು ಹೊರಗೆ ಬಂದೆ. ಗುಡ್ಡದ ಉದ್ದಕ್ಕೂ ಮರಗಳ ತಲೆ ತಾಮ್ರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಬಿಸಿಲು ಎಲೆಗಳನ್ನು ದಾಟಿ ಕೆಳಗೆ ಬೀಳುವಾಗ ನೆಲವೂ ಕೆಂಪಾಗಿತ್ತು. ಕೆಳಗಿನ ಒಂದು ಕೊಂಬೆಯನ್ನು ಬಗ್ಗಿಸಿ ಶೇಖರ ಎಲೆಯ ತೊಟ್ಟನ್ನು ನಾಲಿಗೆಗೆ ಮುಟ್ಟಿಸಿದ. "ಭಾವ, ಸಕ್ಕರೆ! ಇಷ್ಟು ವರ್ಷ ಅಡುಗೆ ಮಾಡಿದವ ನಾನು, ಎಲೆಯಲ್ಲಿ ಪಾಕ ಮಾಡುವವ ಬೇರೆಯೇ ಇದ್ದಾನೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾವು ಬಾಗಿಲಿನ ಬಟ್ಟೆ ತೆಗೆದೆವು. ನೊಣಗಳು ಹೊರಗೆ ಬಂದು, ಪೆಟ್ಟಿಗೆಯ ಕಡೆಗೆ ಮುಖಮಾಡಿ ಹಾರುತ್ತಾ ಹೊಸ ಜಾಗದ ಗುರುತು ಮಾಡಿಕೊಂಡು, ಮೇಲಕ್ಕೆ ಹೋದವು.

ಆಮೇಲೆ ನಾನು ಒಂದು ಪೆಟ್ಟಿಗೆಯ ಮುಚ್ಚಳ ತೆಗೆದೆ. ದಾರಿಯಲ್ಲಿ ಎರಿ ಜರಿದಿದೆಯೇ ನೋಡಬೇಕಿತ್ತು. ಶೇಖರ ಬಲೆ ಹಾಕಿಕೊಂಡು, ತೋಳು ಮುಚ್ಚಿಕೊಂಡು, ದೂರ ನಿಂತ. ಅಂಗಳದ ಆ ಬೆಳಿಗ್ಗೆಯ ನಂತರ ಅವನು ಹುಷಾರಾಗಿದ್ದ.

"ಬಾ ಮಾರಾಯ. ಮದುಮಗಳ ಹಾಗೆ ನಿಂತುಕೊಂಡಿದ್ದೀಯಲ್ಲ."

"ಬೇಡ ಭಾವ. ಇವತ್ತು ಅವು ಕೋಪದಲ್ಲಿವೆ."

"ನಿನಗಿಂತ ನನಗೆ ಗೊತ್ತುಂಟು. ಕೈಗವಸು ತೆಗೆ, ಈ ಎರಿ ಹಿಡಿ."

ಅವನು ತೆಗೆದ. ಹಿರಿಯ ಭಾವನ ಮಾತು ಮೀರುವವನಲ್ಲ. ಎರಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಾಗ ಅವನಿಗೆ ಕೈ ಆಡಿಸಲು ಬರುವಂತಿರಲಿಲ್ಲ. ನಾನು ಒಂದು ನೊಣವನ್ನು ರೆಕ್ಕೆಯಲ್ಲಿ ಹಿಡಿದು ಅವನ ಎಡಗೈಯ ಹಿಂಬದಿಗೆ ಕೂರಿಸಿ ಒತ್ತಿದೆ.

"ಭಾವ, ಬೇಡ ಅಂದೆ," ಎಂದ. ಅಷ್ಟು ಹೊತ್ತಿಗೆ ಅದು ಚುಚ್ಚಿಯಾಗಿತ್ತು.

ಮೈ ಪಳಗಲಿ ಎಂದು ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತು. ಅವನು ಹೆದರುವುದನ್ನು ನೋಡಬೇಕೆಂಬ ಆಸೆ ಉಳಿದರ್ಧ.

ಕೊಂಡಿಯನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆದು, ವಾಸನೆ ಅಡಗುವಂತೆ ಆ ಜಾಗಕ್ಕೆ ಹೊಗೆ ಊದಬೇಕು. ನಾನು ನಗುತ್ತಾ ನಿಂತಿದ್ದೆ. ಬಾಳೆಹಣ್ಣಿನ ವಾಸನೆ ಎದ್ದಿತು, ನನ್ನ ಮೂಗಿಗೂ ಬಡಿಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎರಿಯ ಮೇಲಿನ ನೊಣಗಳು ಅವನ ಅದೇ ಕೈಗೆ, ಅದೇ ಜಾಗದ ಸುತ್ತಕ್ಕೆ ಎರಗಿದವು. ಅವನು ಚೌಕಟ್ಟನ್ನು ಬಿಸಾಡಲಿಲ್ಲ. ಬಗ್ಗಿ ನೆಲಕ್ಕೆ ಇಟ್ಟ. ಎದ್ದವನು ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಆ ಉಜ್ಜುವಿಕೆ ಕಂಡು ನನ್ನ ನಗು ನಿಂತಿತು.

ಆಸ್ಪತ್ರೆಗೆ ಓಡುತ್ತಿದ್ದ ಪಿಕಪ್ಪಿನಲ್ಲಿ ಹಮೀದ್ ಹಾರ್ನಿನಿಂದ ಕೈ ತೆಗೆಯಲಿಲ್ಲ. ನಡುವೆ ಕುಳಿತ ಶೇಖರನ ತುಟಿ, ಕಣ್ಣಿನ ರೆಪ್ಪೆ ಊದುತ್ತಾ ಬಂತು. ಉಸಿರು ಸಿಳ್ಳೆ ಹಾಕುತ್ತಿತ್ತು. ಆಮೇಲೆ ಸಿಳ್ಳೆಯೂ ಸಣ್ಣದಾಯಿತು. ತಲೆ ನನ್ನ ಹೆಗಲಿಗೆ ಬಿತ್ತು, ಮೈ ತಣ್ಣಗಾಗಿತ್ತು. "ವಿಠಲಣ್ಣ, ಮಾತಾಡಿಸಿ ಅವರನ್ನು!" ಎಂದು ಹಮೀದ್ ಕೂಗಿದ. ನಾನು ಬಸ್ಸಿನಲ್ಲಿ ಕೂಗುತ್ತಿದ್ದ ಹಾಗೆ ಒಂದೊಂದು ಸ್ಟಾಪಿನ ಹೆಸರು ಹೇಳಿದೆ.

ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ಅವನನ್ನು ನೋಡಿದ ಕೂಡಲೇ ಪ್ಯಾಂಟಿನ ಮೇಲಿನಿಂದಲೇ ತೊಡೆಗೆ ಒಂದು ಸೂಜಿ ಚುಚ್ಚಿದರು. ಕಾಲು ಎತ್ತರಿಸಿ ಮಲಗಿಸಿ, ಆಮ್ಲಜನಕ ಕೊಟ್ಟು, ಡ್ರಿಪ್ ಹಾಕಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಬೂದಿ ಬಣ್ಣದ ಆ ಮುಖಕ್ಕೆ ಕೆಂಪು ಮರಳಿತು. ಹೋದವನು ಮರಳಿ ಬಂದದ್ದನ್ನು ನಾನು ನನ್ನ ಕಣ್ಣಾರೆ ಕಂಡೆ.

ಮಧ್ಯಾಹ್ನ ಲೀಲಾ ಬೆಳುವಾಯಿಯಿಂದ ಬಂದಳು. ಶೇಖರ ಎದ್ದು ಕುಳಿತು ಗಂಜಿ ಕೇಳುವಷ್ಟಾಗಿದ್ದ. ವೈದ್ಯೆ ಬಂದು ನಾಡಿ ನೋಡಿ ಕೇಳಿದರು: "ಮೊದಲು ಕಚ್ಚಿದಾಗ ಯಾವಾಗಾದರೂ ಹೀಗಾಗಿತ್ತಾ? ಮೈಯೆಲ್ಲ ದದ್ದು, ಸ್ವರ ಬದಲಾಗುವುದು?"

"ಇಲ್ಲ ಡಾಕ್ಟ್ರೇ. ಸಣ್ಣ ಊತ ಅಷ್ಟೇ," ಎಂದ ಶೇಖರ. ನನ್ನ ಕಡೆ ನೋಡಲಿಲ್ಲ. "ಇವತ್ತು ಎಲ್ಲಿಂದಲೋ ಹಾರಿ ಬಂದು ಕೂತವು. ನನ್ನದೇ ಗ್ರಹಚಾರ."

ಲೀಲಾ ತಮ್ಮನ ಮುಖ ನೋಡಿದಳು, ಆಮೇಲೆ ನನ್ನದು. ಅಂಗಳದ ಬೆಳಿಗ್ಗೆ ಅವಳಿಗೆ ಮರೆತಿರಲಿಲ್ಲ. ನಾನೇ ಹೇಳಲಿ ಎಂದು ಕಾದಳು.

"ಮೊದಲ ಸಲಕ್ಕೇ ಇಷ್ಟು ಜೋರಾಗುವುದು ಕಡಿಮೆ," ಎಂದು ವೈದ್ಯೆ ತಮ್ಮಷ್ಟಕ್ಕೇ ಹೇಳಿಕೊಂಡರು. "ಸರಿ, ಸಂಜೆ ಒಮ್ಮೆ ನೋಡಿ ಕಳಿಸುವ."

ಅವನು ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳಿದ್ದ. ವೈದ್ಯೆ ಬಾಗಿಲಿನವರೆಗೆ ಹೋದರು. ಆ ಹೊತ್ತಿನಲ್ಲಿ ನಾನು ಸುಮ್ಮನಿದ್ದು ಬಿಡಬಹುದಿತ್ತು, ಸುಮ್ಮನಿರಲು ನೋಡಿಯೂ ನೋಡಿದೆ.

"ಆಗಿತ್ತು," ಎಂದೆ. "ಚಳಿಗಾಲದಲ್ಲಿ ನೀವು ಹೇಳಿದ್ದೆಲ್ಲ ಆಗಿತ್ತು. ಡಾಕ್ಟರಲ್ಲಿಗೆ ಹೋಗದ ಹಾಗೆ ತಡೆದದ್ದು ನಾನು. ಇವತ್ತಿನದ್ದು ಹಾರಿ ಬಂದದ್ದಲ್ಲ. ನಾನೇ ಹಿಡಿದು ಅವನ ಕೈಮೇಲೆ ಕೂರಿಸಿದ್ದು."

ವೈದ್ಯೆ ಮರಳಿ ಬಂದರು. ಬೈಯಲಿಲ್ಲ. ನರ್ಸನ್ನು ಕರೆದು, "ಇವತ್ತು ಕಳಿಸುವುದು ಬೇಡ. ಇಲ್ಲೇ ಇರಲಿ, ಬಿಪಿ ನೋಡ್ತಾ ಇರಿ," ಎಂದರು.

ಲೀಲಾ ನನ್ನ ಪಕ್ಕದಿಂದ ಎದ್ದು ಮಂಚದ ಆಚೆ ಬದಿಗೆ ಹೋಗಿ ಕುಳಿತಳು. "ಬಸ್ಸಿನಲ್ಲಿದ್ದಾಗ ಪ್ರತಿಯೊಬ್ಬ ಮುದುಕಿಗೂ 'ನೋಡಿ ಇಳಿಯಿರಿ ಅಮ್ಮ' ಅಂತ ಹೇಳ್ತಿದ್ದಿರಿ," ಎಂದಳು.

ಮುಸ್ಸಂಜೆ ಕತ್ತಲಾಗುವ ಹೊತ್ತಿಗೆ, ಯಾವ ನೊಣವೂ ಇಲ್ಲದ ಆ ಬಿಳಿ ಕೋಣೆಯಲ್ಲಿ, ಶೇಖರ ಮತ್ತೆ ಅಂಗೈ ಉಜ್ಜತೊಡಗಿದ. ದದ್ದು ಎದ್ದಿತು. ಉಸಿರು ಮತ್ತೆ ಸಿಳ್ಳೆ ಹಾಕಿತು. ನರ್ಸ್ ಓಡಿದಳು, ವೈದ್ಯೆ ಬಂದರು, ಮತ್ತೆ ಅದೇ ಸೂಜಿ. ಸಂಜೆ ಬಿಡುಗಡೆಯಾಗಿದ್ದರೆ ಅಷ್ಟು ಹೊತ್ತಿಗೆ ನಾವು ವೇಣೂರಿನ ಆಚೆ ಎಲ್ಲೋ ಬಸ್ಸಿನಲ್ಲಿರುತ್ತಿದ್ದೆವು. ಅದನ್ನು ಯೋಚಿಸಿದರೆ ಇಂದಿಗೂ ಕುಳಿತಲ್ಲಿಂದ ಏಳಬೇಕೆನಿಸುತ್ತದೆ.

ಮರುದಿನ ಬೆಳಿಗ್ಗೆ ಅವನು ಚೆನ್ನಾಗಿದ್ದ. ವೈದ್ಯೆಯ ಹತ್ತಿರ ನಾನು ಕೇಳಿದೆ: "ಮೇಡಂ, ಕಚ್ಚಿದ್ದು ಬೆಳಿಗ್ಗೆ. ಸಂಜೆ ಮತ್ತೆ ಬಂದದ್ದು ಎಲ್ಲಿಂದ?"

ಅವರು ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತರು. "ಚರ್ಮದ ಅಡಿಯಲ್ಲಿ, ಉಸಿರಿನ ಕೊಳವೆಯ ಗೋಡೆಯಲ್ಲಿ, ಎಲ್ಲ ಕಡೆ ಕಾವಲಿನ ಕೋಶಗಳು ಉಂಟು. ಮಾಸ್ಟ್ ಕೋಶ ಅಂತ ಹೇಳ್ತೇವೆ. ಒಳಗೆ ಸಣ್ಣ ಸಣ್ಣ ಚೀಲ, ಚೀಲದ ತುಂಬ ರಾಸಾಯನಿಕ. ಮೊದಲು ಕಚ್ಚಿದಾಗ ಇವರ ದೇಹ ಆ ವಿಷದ ಗುರುತು ಹಿಡಿಯುವ ಒಂದು ಪ್ರತಿಕಾಯ ಮಾಡಿ ಆ ಕೋಶಗಳ ಮೈಮೇಲೆ ನೆಟ್ಟಿಟ್ಟಿದೆ. ಮತ್ತೆ ಅದೇ ವಿಷ ಬಂದು ತಾಗಿದ ಕೂಡಲೇ ಚೀಲಗಳು ಬಿಚ್ಚಿಕೊಳ್ತವೆ. ಹಿಸ್ಟಮಿನ್ ಅಂತ ಕೇಳಿರಬಹುದು. ಅದು ಬಂದರೆ ರಕ್ತನಾಳ ಸಡಿಲ ಆಗ್ತದೆ, ನೀರು ಸೋರ್ತದೆ, ಬಿಪಿ ಬೀಳ್ತದೆ. ಉಸಿರಿನ ಕೊಳವೆ ಬಿಗಿಯುತ್ತದೆ."

"ಅದು ಬೆಳಿಗ್ಗೆಯದ್ದು."

"ಹೌದು. ಆದರೆ ಆ ಕೋಶಗಳು ಸುಮ್ಮನಾಗುವುದಿಲ್ಲ. ಬೇರೆ ಸಂಕೇತಗಳನ್ನೂ ಬಿಡ್ತವೆ. ರಕ್ತದಲ್ಲಿ ತಿರುಗುವ ಬಿಳಿ ಕಣಗಳಲ್ಲಿ ಕೆಲವು, ಸಂಕೇತ ಎಲ್ಲಿ ದಟ್ಟ ಉಂಟೋ ಆ ಕಡೆಗೆ ಹುಡುಕಿಕೊಂಡು ಬರ್ತವೆ. ನಾಳದ ಗೋಡೆಯ ಸಂದಿನಲ್ಲಿ ನುಸುಳಿ ಒಳಗೆ ಸೇರ್ತವೆ. ಬಂದವು ಮತ್ತಷ್ಟನ್ನು ಕರೀತವೆ. ಅದಕ್ಕೆಲ್ಲ ಗಂಟೆಗಟ್ಟಲೆ ಬೇಕು. ಸಂಜೆಯದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಪೂರ್ತಿ ಯಾರಿಗೂ ಗೊತ್ತಿಲ್ಲ."

"ವಾಸನೆ ಹಿಡಿದು ಬಂದ ಹಾಗೆಯಾ?"

"ಅವಕ್ಕೆ ಮೂಗಿಲ್ಲ," ಎಂದು ನಕ್ಕರು. "ಆದರೆ ಹೆಚ್ಚುಕಡಿಮೆ ಹಾಗೆಯೇ."

ನಾನು ಶೇಖರನ ಕೈ ನೋಡಿದೆ. ಎಡಗೈ ಇನ್ನೂ ಊದಿಕೊಂಡು ಹೊಳೆಯುತ್ತಿತ್ತು. ನಿನ್ನೆ ಆ ಕೈಯ ಹೊರಗೆ ಒಂದು ನೊಣ ಕರೆಯಿತು, ಉಳಿದವು ಬಂದವು. ಅದೇ ಹೊತ್ತಿಗೆ ಅದೇ ಚರ್ಮದ ಒಳಗೆ, ಯಾರ ಕಣ್ಣಿಗೂ ಬೀಳದ ಜೀವಗಳು ಒಂದನ್ನೊಂದು ಕರೆದಿದ್ದವು. ನೊಣಗಳಿಗೆ ಅವನು ಶತ್ರು. ಆ ಕೋಶಗಳಿಗೆ ಅವನೇ ಮನೆ. ಕಾಪಾಡಲೆಂದೇ ಓಡಿ ಬಂದು ಅವನನ್ನು ಕೊಲ್ಲುವುದರಲ್ಲಿದ್ದವು. ಎಪ್ಪತ್ತರ ಹತ್ತಿರ ಬಂದ ನಾನು ನನ್ನ ಮೈಯನ್ನು ಮೂಟೆ ಎತ್ತುವ, ಅನ್ನ ಅರಗಿಸುವ ಒಂದು ವಸ್ತು ಎಂದುಕೊಂಡಿದ್ದೆ. ಒಳಗೆ ಇಂಥದ್ದೊಂದು ಲೋಕ ಮಾತು ಕಳಿಸುತ್ತಾ, ಮಾತು ಕೇಳುತ್ತಾ, ತಪ್ಪು ತಿಳಿದುಕೊಳ್ಳುತ್ತಾ ಇದೆ ಎಂಬುದು ಬೆಳ್ತಂಗಡಿಯ ಆ ಕೋಣೆಯಲ್ಲಿ ತಿಳಿಯಿತು. ದೇವಸ್ಥಾನದಲ್ಲಿ ನಿಂತವನ ಹಾಗೆ ನಿಂತುಬಿಟ್ಟೆ.

"ನನಗೆ ಮತ್ತೆ ಯಾಕೆ ಏನೂ ಆಗುವುದಿಲ್ಲ?"

"ನಿಮಗೆ ಕಚ್ಚಿ ಕಚ್ಚಿ, ಒಳಗೆ ಬೇರೆ ಒಂದು ಗುಂಪು ಕೋಶ 'ಇವ ಗುರುತಿನವ, ಗಲಾಟೆ ಬೇಡ' ಅಂತ ಬೇರೆ ಸಂಕೇತ ಬಿಡ್ತಾ ಇರಬಹುದು. ಬೇರೆ ಜಾತಿಯ ಪ್ರತಿಕಾಯ ವಿಷವನ್ನು ಮೊದಲೇ ಹಿಡಿದುಕೊಳ್ತದೆ. ಹಾಗೆ ಎಲ್ಲರಿಗೂ ಆಗುವುದಿಲ್ಲ. ನಿಮಗೂ ನಾಳೆ ಹಾಗೆಯೇ ಇರ್ತದೆ ಅಂತ ನಾನು ಹೇಳಲಾರೆ."

ಅವರೇ ಮುಂದುವರಿಸಿದರು. "ಇನ್ನೊಂದು ವಿಷಯ ನಿಮಗೆ ಹೇಳಬಾರದು, ಆದರೂ ಹೇಳ್ತೇನೆ. ಇದಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಚಿಕಿತ್ಸೆ ಉಂಟು. ಅದೇ ವಿಷವನ್ನು ಕಣ್ಣಿಗೆ ಕಾಣದಷ್ಟು ಕಡಿಮೆಯಿಂದ ಶುರುಮಾಡಿ, ತಿಂಗಳುಗಟ್ಟಲೆ ಮೆಲ್ಲ ಏರಿಸುವುದು. ಪಕ್ಕದಲ್ಲಿ ಮದ್ದು ಹಿಡಿದುಕೊಂಡು ಒಬ್ಬರು ನಿಂತಿರಬೇಕು. ಆಗ ಆ ಸುಮ್ಮನಿರಿಸುವ ಸಂಕೇತ ಮೇಲಾಗ್ತದೆ."

ನನ್ನ ಮುಖದಲ್ಲಿ ಏನು ಕಂಡಿತೋ, ಅವರು ಬೆರಳೆತ್ತಿದರು. "ನೀವು ಮಾಡಿದ್ದು ಅದಲ್ಲ. ಈಜು ಕಲಿಸುವುದಕ್ಕೂ ನೆರೆಯ ಹೊಳೆಗೆ ದೂಡುವುದಕ್ಕೂ ವ್ಯತ್ಯಾಸ ಉಂಟು."

"ಭಾವನಿಗೆ ಈಜೂ ಬರುವುದಿಲ್ಲ ಡಾಕ್ಟ್ರೇ," ಎಂದ ಶೇಖರ ಮಂಚದಿಂದ. ಲೀಲಾ ನಗಲಿಲ್ಲ. ನಾನೂ ನಗಲಿಲ್ಲ.

ಆ ಸೂಜಿಯ ಮದ್ದಿನ ಬಗ್ಗೆಯೂ ಕೇಳಿದೆ. ಅಡ್ರಿನಾಲಿನ್ ಎಂದರು. ಹೆದರಿದಾಗ ಎದೆ ಹೊಡೆದುಕೊಳ್ಳುವುದು ಅದರಿಂದಲೇ, ನಮ್ಮ ಮೈಯೇ ಅದನ್ನು ಮಾಡುತ್ತದೆ, ಮೂತ್ರಪಿಂಡದ ತಲೆಯ ಮೇಲೆ ಕುಳಿತ ಗ್ರಂಥಿಯಲ್ಲಿ. ಅದೂ ಒಂದು ಸಂಕೇತವೇ. ಸಡಿಲಾದ ನಾಳಗಳಿಗೆ ಬಿಗಿ ಎನ್ನುತ್ತದೆ, ಬಿಗಿದ ಕೊಳವೆಗಳಿಗೆ ಸಡಿಲಾಗು ಎನ್ನುತ್ತದೆ, ಚೀಲ ಬಿಚ್ಚುತ್ತಿರುವ ಕೋಶಗಳಿಗೆ ಸಾಕು ಎನ್ನುತ್ತದೆ. ಕೆಲವೇ ಹನಿ ನೀರು ಅಷ್ಟು ಮಾತಾಡಿ ಅವನನ್ನು ಮರಳಿ ತಂದಿತ್ತು.

ಶೇಖರ ಆ ದೊಡ್ಡ ಚಿಕಿತ್ಸೆಗೆ ಹೋಗಲಿಲ್ಲ. ನಮ್ಮ ತುಡುವೆಯ ವಿಷ ಅಲ್ಲಿ ಸಿಗುವುದು ಕಷ್ಟ, ಪರದೇಶದ ಜೇನಿನದ್ದು ಇದಕ್ಕೆ ಎಷ್ಟು ಹೊಂದುತ್ತದೋ ಹೇಳಲಾಗದು ಎಂದರು. ಅವನು ಜೇನನ್ನೇ ಬಿಟ್ಟ. ಕಕ್ಕಿಂಜೆಯ ಪೆಟ್ಟಿಗೆಗಳನ್ನು ಹಮೀದನ ಜೊತೆ ಹೋಗಿ ನಾನೇ ಇನ್ನೊಬ್ಬರಿಗೆ ಒಪ್ಪಿಸಿ ಬಂದೆ. ಗಂಟುನೋವಿನವರು ಬಂದರೆ ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. "ಮೈ ಪಳಗುತ್ತದೆ" ಎಂದು ನನ್ನ ಬಾಯಿಂದ ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಮಾತನ್ನು ನಾನು ಹಿಂದೆ ತೆಗೆದುಕೊಂಡಿದ್ದೇನೆ. ಅಂಗೈ ತುರಿಸಿದರೆ, ಸ್ವರ ಬದಲಾದರೆ, ಊರು ನಗುವುದನ್ನು ಕಾಯದೆ ಹೊರಡಿ.

ಆಸ್ಪತ್ರೆಯಿಂದ ಹೊರಡುವ ದಿನ ವೈದ್ಯೆ ಆ ಮದ್ದಿನ ಸಣ್ಣ ಗಾಜಿನ ಶೀಶೆಗಳನ್ನೂ ಸೂಜಿಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿಸಿದರು. ಎಲ್ಲಿ ಹೋದರೂ ಇದು ಜೊತೆಗಿರಬೇಕು, ಜೇನು ಎಲ್ಲಿಯೂ ಇರುತ್ತದೆ ಎಂದರು. "ಮನೆಯಲ್ಲಿ ಒಬ್ಬರು ಚುಚ್ಚಲು ಕಲಿಯಬೇಕು. ಯಾರು?"

"ನಾನು," ಎಂದಳು ಲೀಲಾ.

"ಅಕ್ಕ, ನಿನಗೆ ಮೀನಿನ ಮುಳ್ಳು ಚುಚ್ಚಿದರೆ ತಲೆ ತಿರುಗ್ತದೆ," ಎಂದ ಶೇಖರ. "ಭಾವನಿಗೆ ಕಲಿಸಿ ಡಾಕ್ಟ್ರೇ. ವಾರದಲ್ಲಿ ಮೂರು ದಿನ ನಾನು ಅವರ ಮನೆಯಲ್ಲೇ ಇರುವುದು."

ಲೀಲಾ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. "ನಾನು ಬೇಡ ಶೇಖರ," ಎಂದೆ.

"ಮತ್ತೆ ಯಾರು ಭಾವ? ಹಮೀದನಾ? ಅವ ಹಾರ್ನ್ ಒತ್ತಿಯೇ ನನ್ನನ್ನು ಕೊಲ್ತಾನೆ."

ಚುಚ್ಚಿ ಕಲಿಯಲೆಂದು ನರ್ಸ್ ಒಂದು ಮೂಸಂಬಿ ತಂದು ಕೊಟ್ಟಳು. ಶೀಶೆಯ ಕತ್ತು ಮುರಿಯುವುದು, ಗೆರೆ ನೋಡಿ ಎಳೆಯುವುದು, ಗಾಳಿ ಬಿಡುವುದು ತೋರಿಸಿದಳು. ನೊಣವನ್ನು ರೆಕ್ಕೆ ಮುರಿಯದಂತೆ ಹಿಡಿಯಬಲ್ಲ ಬೆರಳುಗಳು ನನ್ನವು. ಆದರೂ ಮೊದಲ ಸಲ ಸೂಜಿ ಮೂಸಂಬಿಯಿಂದ ಜಾರಿ ಮೇಜಿಗೆ ತಾಗಿತು.

ಶೇಖರ ಮಂಚದಿಂದ ಕಾಲು ಇಳಿಸಿ ಕುಳಿತ. ನನ್ನ ಬಲಗೈಯನ್ನು ಹಿಡಿದು ತನ್ನ ತೊಡೆಯ ಹೊರಬದಿಗೆ, ವೈದ್ಯೆ ಸೂಜಿ ಚುಚ್ಚಿದ್ದ ಜಾಗಕ್ಕೆ ಇಟ್ಟುಕೊಂಡ. ನಾನು ಕೂರಿಸಿದ ನೊಣ ಕಚ್ಚಿದ್ದ ಆ ಊದಿದ ಎಡಗೈಯನ್ನು ಅದರ ಮೇಲೆ ಇಟ್ಟು ಒತ್ತಿದ.

"ಇಲ್ಲಿ ಭಾವ," ಎಂದ. "ಬಟ್ಟೆಯ ಮೇಲಿನಿಂದಲೇ ಆಗ್ತದಂತೆ. ಆ ಹೊತ್ತಿಗೆ ನಾನು ಬೇಡ ಅಂದರೂ ಕೇಳಬಾರದು."

ಲೀಲಾ ಎದ್ದು ಬಂದು ಇನ್ನೊಂದು ಮೂಸಂಬಿಯನ್ನು ನನ್ನ ಮುಂದೆ ಇಟ್ಟಳು.